ಇಬ್ಬರೂ ಒಬ್ಬರೇನು

ಕಂಪನಿಯ ಕ್ಯಾಬು ಗಚ್ಚಿಬೌಲಿಯ ಫ್ಲೈಓವರಿನ ಬುಡದಲ್ಲಿ ನಿಂತು ಬಹಳ ಹೊತ್ತಾಗಿತ್ತು. ಡ್ರೈವರು ಎಂಜಿನ್ ಆರಿಸಿ, ಮೊಳಕೈಯನ್ನು ಕಿಟಕಿಯ ಹೊರಗಿಟ್ಟು, ಪಕ್ಕದ ಗಾಡಿಯವನ ಸಂಗಡ ತೆಲುಗಿನಲ್ಲಿ ಯಾರದೋ ಮದುವೆಯ ಊಟದ ಮಾತಾಡುತ್ತಿದ್ದ. ಕೃಪಾಳ ತೊಡೆಯ ಮೇಲಿದ್ದ ಡಬ್ಬಿಯ ಬಿಸಿ ಚೀಲದ ಬಟ್ಟೆ ದಾಟಿ ಮೈಗೆ ಹತ್ತುತ್ತಿತ್ತು. ಬೆಳಿಗ್ಗೆ ತುಳಸಾ ಚಿಗವ್ವ ಬಡಿದ ಜೋಳದ ರೊಟ್ಟಿ, ಪುಂಡಿಪಲ್ಯ, ಒಂದಿಷ್ಟು ಶೇಂಗಾ ಚಟ್ನಿ. ಕೈಯಲ್ಲಿದ್ದ ಫೋನು ಆಗ ಒಂದು ಪ್ರಶ್ನೆ ಕೇಳಿತು. ದುಂಡಗೆ ಕತ್ತರಿಸಿದ ಎರಡು ಮುಖಗಳನ್ನು ಪಕ್ಕಪಕ್ಕದಲ್ಲಿಟ್ಟು, ಇವರಿಬ್ಬರೂ ಒಬ್ಬರೇನು, ಬೇರೆ ಬೇರೆಯೇನು ಎಂದಿತು. ಕೆಳಗೆ ಒಬ್ಬರೇ, ಬೇರೆ, ಗೊತ್ತಿಲ್ಲ ಎಂಬ ಮೂರು ಗುಂಡಿಗಳು. ಹೆಬ್ಬೆರಳು ಮೊದಲನೆಯದನ್ನು ಒತ್ತಿತು. ಒತ್ತಿದ್ದು ಬೆರಳೇ, ಅವಳಲ್ಲ. ಮಾದಾಪುರದ ಆಫೀಸಿನಲ್ಲಿ ಅವಳ ಕೆಲಸವೆಂದರೆ ಬೇರೆಯವರು ಬರೆದ ಪ್ರೋಗ್ರಾಮು ಎಲ್ಲಿ ಮುಗ್ಗರಿಸುತ್ತದೆ ಎಂದು ಒತ್ತಿ ಒತ್ತಿ ನೋಡುವುದು. ಪರದೆ ಏನು ಕೇಳಿದರೂ ಹೂಂ ಅನ್ನಬೇಕು, ಮುಂದಿನ ಪರದೆಗೆ ಹೋಗಬೇಕು, ಮತ್ತೆ ಹೂಂ ಅನ್ನಬೇಕು. ವರ್ಷಗಟ್ಟಲೆ ಹೀಗೆ ಮಾಡಿ ಬೆರಳು ಕಣ್ಣಿಗಿಂತ ಮುಂದೆ ಓಡುವುದನ್ನು ಕಲಿತಿತ್ತು. ಹೂಂ ಅಂದಾದ ಮೇಲೆ ಕಣ್ಣು ನೋಡಿತು. ಎಡಗಡೆಯದು ಅವ್ವನ ಮುಖ. ಅಡುಗೆಮನೆಯ ಕಟ್ಟೆಗೆ ಆತು ನಿಂತದ್ದು, ನಕ್ಕು ಹಲ್ಲಿನ ಸಂದಿ ಕಾಣುವುದು. ಬಲಗಡೆಯದೂ ಅವ್ವನದೇ. ಹಣೆ ತುಂಬ ವಿಭೂತಿ, ಕಿವಿಯ ತನಕ ಸೇವಂತಿಗೆ ಮಾಲೆ, ಮುಚ್ಚಿದ ಕಣ್ಣು. ಫೋನು ಧನ್ಯವಾದ ಹೇಳಿ, ಪರದೆಯ ಮೇಲಿನಿಂದ ಬಣ್ಣದ ಕಾಗದದ ಚೂರುಗಳನ್ನು ಉದುರಿಸಿತು.

ಹುಮನಾಬಾದಿನ ಹತ್ತಿರದ ಅವಳ ಊರಲ್ಲಿ, ಅವಳ ಮಂದಿಯಲ್ಲಿ, ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಮೈ ತೊಳೆದು, ಹೊಸ ಸೀರೆ ಉಡಿಸಿ, ಗೋಡೆಗೆ ಹಲಗೆ ಆನಿಸಿ, ಕಾಲು ಮಡಿಸಿ ಕೂಡಿಸಿ, ಎಡಗೈಯಲ್ಲಿ ಲಿಂಗ ಇಡುತ್ತಾರೆ. ಕತ್ತು ಮುಂದಕ್ಕೆ ಬೀಳದ ಹಾಗೆ ಗದ್ದದ ಕೆಳಗಿನಿಂದ ಬಿಳಿ ಬಟ್ಟೆಯ ಪಟ್ಟಿ ಹಾಯಿಸಿ, ತಲೆಯ ಹಿಂದಿನಿಂದ ಎತ್ತಿ, ಮೇಲಿನ ಮೊಳೆಗೆ ಕಟ್ಟುತ್ತಾರೆ. ಆಮೇಲೆ ಪಟ್ಟಿ ಕಾಣದ ಹಾಗೆ ಹೂವು ಇಳಿಬಿಡುತ್ತಾರೆ. ಬಂದವರು ಎರಡೂ ಮಗ್ಗುಲಿಗೆ ಕೂತು, ಸೆರಗು ಸರಿಮಾಡಿಕೊಂಡು, ಕಡೆಯ ಫೋಟೋ ತೆಗೆಸಿಕೊಳ್ಳುತ್ತಾರೆ. ಅವತ್ತು ಚಿಗವ್ವನ ಮಗ, ನಿನ್ನ ಫೋನ್ ಚಲೋ ಅದ ಅಕ್ಕಾ, ದೂರಿದ್ದವರಿಗಿ ಕಳಿಸಬೇಕು ಎಂದು ಅವಳ ಕೈಯಿಂದಲೇ ಇಸಿದುಕೊಂಡು ಹೋಗಿದ್ದ. ಆ ಚಿತ್ರಗಳನ್ನು ಕೃಪಾ ಒಮ್ಮೆಯೂ ತೆರೆದು ನೋಡಿರಲಿಲ್ಲ. ವರ್ಷ ತುಂಬುತ್ತ ಬಂದಿದ್ದರೂ ಫೋನಿಗೂ ಆ ಮುಖ ಯಾರದೆಂದು ಗೊತ್ತಾಗಿರಲಿಲ್ಲ. ಅವ್ವ ನಗದೆ ಇರುವ ಚಿತ್ರವೇ ಅದರ ಹತ್ತಿರ ಇರಲಿಲ್ಲವಲ್ಲ, ಪಾಪ, ಅದಾದರೂ ಹೇಗೆ ಗುರುತು ಹಿಡಿದೀತು ಎಂದು ಕೃಪಾ ಅಂದುಕೊಂಡಳು. ಅಂದುಕೊಂಡದ್ದಕ್ಕೆ ತನಗೇ ನಾಚಿಕೆಯಾಯಿತು. ಯಂತ್ರದ ಮೇಲೆ ಕನಿಕರ ಪಡುವುದನ್ನು ಕಲಿಸಿದವಳು ಅವ್ವ. ಗಚ್ಚಿಬೌಲಿಯ ಅಪಾರ್ಟ್‌ಮೆಂಟಿನ ಲಿಫ್ಟಿನೊಳಗೆ ಮಹಡಿಯ ನಂಬರು ಹೇಳುವ ಹೆಂಗಸಿನ ದನಿಗೆ, ಇಳಿಯುವಾಗ ತಿರುಗಿ ನಿಂತು, “ಬರ್ತೀನವಾ,” ಅನ್ನುತ್ತಿದ್ದಳು. ಬಟ್ಟೆ ಒಗೆಯುವ ಯಂತ್ರ ಕೆಲಸ ಮುಗಿಸಿ ರಾಗ ಎಳೆದರೆ ಒಳಗಿನಿಂದ, “ಬಂದೆ ತಡಿ, ಯಾಕ ಅಳ್ತಿ,” ಅನ್ನುತ್ತಿದ್ದಳು. ಆಟೋದಲ್ಲಿ ಫೋನಿನ ನಕ್ಷೆ ದಾರಿ ಹೇಳುತ್ತಿದ್ದರೆ ಡ್ರೈವರನ ಪರವಾಗಿ ಜಗಳಕ್ಕೆ ನಿಲ್ಲುತ್ತಿದ್ದಳು. “ಎಡಕ್ಕ ಹೊಳ್ಳು ಅಂತಾಳ. ಕುಂತಲ್ಲೇ ಕುಂತು ಹೇಳಲಿಕ್ಕಿ ಏನಾಗಬೇಕು. ಆಕಿ ಬಂದು ನೋಡ್ಯಾಳೇನು ಈ ರಸ್ತಾ?”

ಇವನ್ನೆಲ್ಲ ಕೃಪಾ ಆಫೀಸಿನ ಗ್ರೂಪಿಗೆ ಹಾಕುತ್ತಿದ್ದಳು. ‘ಚಿಲ್ಲರೆ ಚಮತ್ಕಾರ’ ಎಂದು ಅದಕ್ಕೆ ಹೆಸರಿಟ್ಟವನು ಬೆಂಗಳೂರಿನ ಅಮಿತ, ಅವರ ಟೀಮಿನ ಮ್ಯಾನೇಜರು. ಯಾರಿಗಾದರೂ ಯಂತ್ರಗಳ ಕಡೆಯಿಂದ ಏನಾದರೂ ತಮಾಷೆ, ಕಿರಿಕಿರಿ, ಸಣ್ಣ ಖುಷಿ ಸಿಕ್ಕರೆ ಅಲ್ಲಿ ತಂದು ಸುರಿಯಬೇಕು. ಕುಂದಾಪುರದ ಗಗನ, ಕಚೇರಿಯ ಗೇಟಿನ ಕ್ಯಾಮೆರಾ ಅವನ ಬೈಕನ್ನು ಯಾವಾಗಲೂ ಬೇರೆ ಯಾರದೋ ಕಾರೆಂದು ತಿಳಿದು ಸಲಾಮು ಹೊಡೆದು ಒಳಗೆ ಬಿಡುವುದನ್ನು ಬರೆದಿದ್ದ. ರಾಜಮಂಡ್ರಿಯ ನಲಿನಿ, ಬಾಗಿಲು ತುಸು ಹೊತ್ತು ತೆರೆದಿಟ್ಟರೆ ತನ್ನ ಅತ್ತೆಯ ಹಾಗೆ ಗೊಣಗುವ ಫ್ರಿಜ್ಜಿನ ದನಿಯನ್ನು ಹಾಕಿದ್ದಳು. ಆದರೆ ಎಲ್ಲರೂ ಕಾಯುತ್ತಿದ್ದದ್ದು ಕೃಪಾಳ ಅವ್ವ ಇವತ್ತು ಏನಂದಳು ಎಂಬುದನ್ನು. ಒಂದು ಸಂಕ್ರಾಂತಿಗೆ ಇಡೀ ಟೀಮು ಮನೆಗೆ ಬಂದು, ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಭರ್ತದ ಪಲ್ಯ ಮಾಡಿಸಿಕೊಂಡು ತಿಂದು, ಅವ್ವನ ಸುತ್ತ ಕೂತು ಹಾಳುಹರಟೆ ಹೊಡೆದಿತ್ತು. ಅವತ್ತೇ ಗಗನ ಕೃಪಾಳ ಫೋನಿನಲ್ಲಿ ‘ಅವ್ವನ ಊಟ’ ಎಂಬ ಆಲ್ಬಮ್ ಮಾಡಿ, ಎಲ್ಲರನ್ನೂ ಅದರೊಳಗೆ ಸೇರಿಸಿ, ಅವ್ವನ ಮುಖ ಇರುವ ಚಿತ್ರಗಳೆಲ್ಲ ಇನ್ನು ಮೇಲೆ ತಾವಾಗಿಯೇ ಅದಕ್ಕೆ ಹೋಗಿ ಬೀಳುವ ಹಾಗೆ ಇಟ್ಟುಕೊಟ್ಟಿದ್ದ. “ನೀವು ಎಂತದೂ ಮಾಡುದು ಬೇಡ ಮಾರಾಯ್ರೆ, ಅದಕ್ಕೇ ಗೊತ್ತಾಗ್ತದೆ,” ಅಂದಿದ್ದ.

ಕ್ಯಾಬು ಒಂದು ಮಾರು ಮುಂದೆ ಜರುಗಿ ಮತ್ತೆ ನಿಂತಿತು. ಗಗನ ಅಂದಿದ್ದ ಆ ಮಾತು ಕೃಪಾಳ ಮನಸ್ಸಿನಲ್ಲಿ ಹಾದುಹೋಯಿತು. ಅದಕ್ಕೇ ಗೊತ್ತಾಗುತ್ತದೆ. ಅವಳು ಹೂಂ ಅಂದಿದ್ದಾಳೆ, ಅದಕ್ಕೆ ಈಗ ಗೊತ್ತಾಗಿದೆ. ನೋಡುತ್ತಿದ್ದ ಹಾಗೆ ಪರದೆಯ ನೆತ್ತಿಯಲ್ಲಿ ಸಾಲೊಂದು ಇಳಿದು ಬಂತು: ‘ಅವ್ವನ ಊಟ’ಕ್ಕೆ ಹೊಸ ಚಿತ್ರಗಳು ಸೇರಿವೆ.

ಆಫೀಸಿನವರ ಪಾಲಿಗೆ ಅವ್ವ ಸತ್ತಿರಲಿಲ್ಲ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಬಹಳ ಹಿಂದೆ, ನುಮಾಯಿಶ್ ಎಂಬ ವಸ್ತುಪ್ರದರ್ಶನ ನೋಡಲು ಹೋಗಬೇಕೆಂದು ಆಸೆಯಾಗಿ, ಅಮಿತನಿಗೆ ಫೋನ್ ಹಚ್ಚಿ ಅವ್ವನಿಗೆ ಆರಾಮಿಲ್ಲ ಎಂದು ಒಂದು ದಿನ ರಜೆ ಕೇಳಿದ್ದಳು. ಪಕ್ಕದಲ್ಲೇ ಹಿಟ್ಟು ನಾದುತ್ತಿದ್ದ ಅವ್ವ ಕಣ್ಣು ಮಿಟುಕಿಸಿ, ಫೋನಿನ ಹತ್ತಿರಕ್ಕೆ ಬಾಯಿ ತಂದು, ಗೋಡೆ ಅದುರುವ ಹಾಗೆ ಕೆಮ್ಮಿದ್ದಳು. ಆಮೇಲೆ ಇಬ್ಬರೂ ಹೋಗಿ ಜಾತ್ರೆಯ ಹಾಗೆ ಮಂದಿ ತುಂಬಿದ ಆ ಮೈದಾನದಲ್ಲಿ ಸೌತೆಕಾಯಿ ಹೆಚ್ಚುವ ಒಂದು ಪ್ಲಾಸ್ಟಿಕ್ಕಿನ ಯಂತ್ರ ಕೊಂಡು ತಂದಿದ್ದರು. ಮುಂದಿನ ಮಳೆಗಾಲದಲ್ಲಿ ಅದೇ ಕೆಮ್ಮು ನಿಜವಾಗಿ ಬಂತು. ಬಂದ ಮೊದಲ ವಾರ ಕೃಪಾ, “ಸಾಕು ಬಿಡವ್ವ, ಈಗ ಯಾರೂ ಫೋನಿನ್ಯಾಗಿಲ್ಲ,” ಎಂದು ನಗಾಡಿದ್ದಳು. ಅವ್ವನೂ ನಕ್ಕಿದ್ದಳು, ನಗುತ್ತ ಕೆಮ್ಮಿದ್ದಳು. ಆಸ್ಪತ್ರೆಗೆಂದು ಮೇಲಿಂದ ಮೇಲೆ ರಜೆ ಬೇಕಾದಾಗ ಅಮಿತ ಎಲ್ಲರೂ ಕೂತಿದ್ದ ಮೀಟಿಂಗಿನಲ್ಲಿ, ಮುಖದಲ್ಲಿ ಸಿಟ್ಟೇನೂ ಇಲ್ಲದೆ, ಗೆಳೆಯನ ಹಾಗೆಯೇ, “ಪ್ರತಿ ರಿಲೀಸಿಗೂ ಕೃಪಾ ಅವ್ರ ತಾಯಿಗೆ ಕರೆಕ್ಟಾಗಿ ಹುಷಾರ್ ತಪ್ಪುತ್ತಲ್ರೀ,” ಅಂದಿದ್ದ. ಎಲ್ಲರೂ ನಕ್ಕಿದ್ದರು. ಕೃಪಾಳೂ ನಕ್ಕಿದ್ದಳು, ಎಲ್ಲರಿಗಿಂತ ತುಸು ಹೆಚ್ಚು ಹೊತ್ತು. ಕಡೆಗೆ ಅವ್ವ ತೀರಿಕೊಂಡ ಬೆಳಿಗ್ಗೆ, ಊರಿಗೆ ಹೊರಟ ಗಾಡಿಯಲ್ಲಿ, ಹಿಂದಿನ ಸೀಟಿನಲ್ಲಿ ಅವ್ವನ ತಲೆ ತೊಡೆಯ ಮೇಲಿರುವಾಗ, ಅವಳು ಅಮಿತನಿಗೆ ‘ಅವ್ವ’ ಎಂದು ಬರೆದು, ಮುಂದಿನ ಶಬ್ದ ಬರೆಯುವ ಮೊದಲು ಆ ನಗು ನೆನಪಾಗಿ, ಅಳಿಸಿ, ‘ಜ್ವರ ಬಂದಿದೆ, ಕೆಲವು ದಿನ ಬರುವುದಿಲ್ಲ’ ಎಂದು ಬರೆದಿದ್ದಳು. ಅವನು ಉತ್ತರಕ್ಕೆ ಹೆಬ್ಬೆಟ್ಟಿನ ಒಂದು ಚಿತ್ರ ಕಳಿಸಿದ್ದ.

ತಿರುಗಿ ಬಂದ ದಿನ ನಲಿನಿ, ಜ್ವರ ಬಿಟ್ಟಿತಾ, ಆಂಟಿ ಹೇಗಿದ್ದಾರೆ ಎಂದು ಕೇಳಿದಳು. ಕೃಪಾ ಆರಾಮಿದ್ದಾಳೆ ಅಂದಳು. ಅಂದ ತಕ್ಷಣ ಎಷ್ಟು ಹಗುರವಾಯಿತೆಂದರೆ, ನಿಜವಾಗಿಯೂ ಎಲ್ಲೋ ಒಂದು ಕಡೆ ಅವ್ವ ಆರಾಮಿದ್ದು, ಈ ಮಾತನ್ನು ಕೇಳಿ ತಲೆ ಆಡಿಸಿದ ಹಾಗಾಯಿತು. ಅಂದಿನಿಂದ ಗಚ್ಚಿಬೌಲಿಯಲ್ಲಿ ಅವ್ವ ಇರಲಿಲ್ಲ, ಮಾದಾಪುರದಲ್ಲಿ ಇದ್ದಳು. ಒಬ್ಬಾಕಿನ್ನ ಹ್ಯಾಂಗ ಬಿಡಲಿ ಎಂದು ಬಂದು ಉಳಿದ ತುಳಸಾ ಚಿಗವ್ವನ ರೊಟ್ಟಿ, ಮಾದಾಪುರ ಮುಟ್ಟುವ ಹೊತ್ತಿಗೆ ಅವ್ವನ ರೊಟ್ಟಿಯಾಗುತ್ತಿತ್ತು. ಗ್ರೂಪಿನಲ್ಲಿ ಕೆಲವು ದಿನ ಸುಮ್ಮನಿದ್ದಳು. ಗಗನ, ಆಂಟಿ ಈಗ ಯಾಕೆ ಏನೂ ಹೇಳುವುದಿಲ್ಲ, ಜಗಳವಾ ಎಂದು ಕೇಳಿದ. ಮಾರನೆಯ ದಿನ ಕೃಪಾ ಒಂದು ಬರೆದಳು. ಮೆಟ್ರೋದ ಗೇಟು ಕಾರ್ಡು ತೋರಿಸಿದರೆ ರೆಕ್ಕೆ ತೆಗೆಯುವುದನ್ನು ಕಂಡು ಅವ್ವ, ಊರಿನ ಎಮ್ಮೆ ಕಿವಿ ಹೊಡೆದ ಹಾಗೆ ಹೊಡಿತದ ನೋಡು, ಅಂದಳು ಎಂದು. ಅವ್ವ ಮೆಟ್ರೋ ನೋಡಿರಲೇ ಇಲ್ಲ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಅದು ಸಲೀಸಾಯಿತು. ಯಾವ ಹೊಸ ಯಂತ್ರ ಕಂಡರೂ ಕೃಪಾಳ ಒಳಗೆ ಒಂದು ದನಿ ತಾನಾಗಿ ಮಾತಾಡುತ್ತಿತ್ತು, ಅವಳು ಇಳಿಸಿಕೊಳ್ಳುತ್ತಿದ್ದಳು ಅಷ್ಟೇ. ಅದಕ್ಕೆ ಬದಲಾಗಿಯೋ ಏನೋ, ಮುಖ ಮಾತ್ರ ದೂರ ಹೋಗುತ್ತ ಬಂತು. ಒಂದು ದಿನ ಬಸ್ಸಿನಲ್ಲಿ ಕೂತು ಅವ್ವನ ಮೂಗು ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ಹೋಗಿ, ಆಗದೆ, ಇಳಿಯಬೇಕಿದ್ದ ಸುಲ್ತಾನ್ ಬಜಾರದ ಸ್ಟಾಪು ದಾಟಿ ಹೋಗಿದ್ದಳು.

ಈಗ ಆಲ್ಬಮ್ಮಿನಿಂದ ಆ ಚಿತ್ರಗಳನ್ನು ತೆಗೆದುಹಾಕುವುದೇನೂ ಕಷ್ಟವಿರಲಿಲ್ಲ. ತೆರೆಯಬೇಕು, ಒಂದೊಂದನ್ನೇ ಬೆರಳಿನಿಂದ ಮುಟ್ಟಿ ಗುರುತು ಹಾಕಬೇಕು, ಅಳಿಸು ಅನ್ನಬೇಕು. ಗುರುತು ಹಾಕಬೇಕೆಂದರೆ ನೋಡಬೇಕು. ಕೃಪಾ ತೆರೆದಳು, ಹಳದಿ ಹೂವಿನ ಒಂದು ಮೂಲೆ ಕಂಡಿತು, ಮುಚ್ಚಿದಳು. ಇನ್ನೊಮ್ಮೆ ತೆರೆಯುವಷ್ಟರಲ್ಲಿ ನಲಿನಿ ಒಂದು ಕೆಂಪು ಹೃದಯ ಒತ್ತಿದ್ದಳು. ಅದರ ಬೆನ್ನಿಗೆ ಇಂಗ್ಲಿಷಿನಲ್ಲಿ ಅವಳ ಮಾತು: ‘ಅಯ್ಯೋ, ಆಂಟಿಗೆ ಅರವತ್ತು ತುಂಬಿತಾ? ಎಷ್ಟು ಚೆನ್ನಾಗಿ ಕೂಡಿಸಿದ್ದಾರೆ, ದೇವಿಯ ಹಾಗೆ. ನಮಗೆ ಹೇಳಲೇ ಇಲ್ಲ.’ ಗಗನ ಬರೆದಿದ್ದ: ‘ಎಂತ ಗತ್ತು! ಧ್ಯಾನಕ್ಕೆ ಕೂತದ್ದಾ, ಫೋಟೋದವನ ಮೇಲೆ ಕೋಪವಾ?’ ಅಮಿತ ಕೂಡ ಮುಗಿದ ಕೈಗಳ ಚಿತ್ರ ಹಾಕಿದ್ದ. ಕೃಪಾ ಫೋನನ್ನು ಡಬ್ಬಿಯ ಚೀಲದೊಳಗೆ, ರೊಟ್ಟಿಯ ಮಗ್ಗುಲಿಗೆ, ಬೋರಲು ಹಾಕಿಟ್ಟಳು. ಅವಳು ಹೆದರಿದ್ದು ಅವ್ವ ಸತ್ತದ್ದು ಗೊತ್ತಾದೀತು ಎಂದು. ಯಾರಿಗೂ ಗೊತ್ತಾಗಲಿಲ್ಲ. ಹೆಣವನ್ನು ಎದುರಿಗಿಟ್ಟರೂ ಗೊತ್ತಾಗಲಿಲ್ಲ. ಇದಕ್ಕಾಗಿ ತಾನು ಸಮಾಧಾನ ಪಡಬೇಕೋ ಏನೋ ತಿಳಿಯದೆ, ಕಾಲಬೆರಳುಗಳು ಚಪ್ಪಲಿಯೊಳಗೆ ತಣ್ಣಗಾದದ್ದನ್ನು ಗಮನಿಸುತ್ತ ಕೂತಳು. ಡ್ರೈವರು ಎಂಜಿನ್ ಚಾಲೂ ಮಾಡಿ, “ಕದಿಲಿಂದಿ ಮೇಡಂ,” ಅಂದ. ಸಾಲು ಜರುಗಿತ್ತು.

ಆಫೀಸಿನಲ್ಲಿ ಮಧ್ಯಾಹ್ನದ ತನಕ ಅವಳು ಯಾರ ಮುಖವನ್ನೂ ನೋಡದೆ ಕೆಲಸ ಮಾಡಿದಳು. ನಲಿನಿ ಎರಡು ಸಲ ಹಿಂದಿನಿಂದ ಬಂದು ಭುಜ ಅದುಮಿ, ಏನನ್ನೋ ಅಡಗಿಸಿಟ್ಟುಕೊಂಡವಳ ಹಾಗೆ ನಕ್ಕು ಹೋದಳು. ಹೇಳಿಬಿಡಬೇಕು ಎಂದು ಕೃಪಾ ಎದ್ದಳು; ನೀರಿನ ಯಂತ್ರದ ತನಕ ಹೋಗಿ, ಲೋಟ ತುಂಬಿಕೊಂಡು ಬಂದಳು. ಹೇಗೆ ಶುರು ಮಾಡುವುದು. ಅದು ಹುಟ್ಟುಹಬ್ಬವಲ್ಲ ಅನ್ನುವುದೇ, ನನಗೆ ಅವತ್ತು ಜ್ವರ ಬಂದಿರಲಿಲ್ಲ ಅನ್ನುವುದೇ. ಯಾವ ತುದಿಯನ್ನು ಹಿಡಿದು ಎಳೆದರೂ ಮೆಟ್ರೋದ ಎಮ್ಮೆಯ ಕಿವಿ ಬರುತ್ತಿತ್ತು, ಕಳೆದ ವಾರ ಕಾಫಿ ಯಂತ್ರಕ್ಕೆ ಅವ್ವ ಅಂದಳೆಂದು ಬರೆದ ಮಾತು ಬರುತ್ತಿತ್ತು. ಸತ್ತದ್ದನ್ನು ಮುಚ್ಚಿಟ್ಟದ್ದಕ್ಕೆ ಜನ ಮರುಕಪಟ್ಟಾರು. ಸತ್ತವಳ ಬಾಯಲ್ಲಿ ಮಾತು ಹಾಕಿ ನಗಿಸಿದ್ದಕ್ಕೆ ಏನಂದಾರು? ಊಟದ ಹೊತ್ತಿಗೆ ಗಗನ ಬಂದು, “ಮೀಟಿಂಗ್ ರೂಮಿಗೆ ಬನ್ನಿ ಮಾರಾಯ್ರೆ, ಅಮಿತ ಕರೀತಿದ್ದಾರೆ. ನಿಮ್ಮ ಫೋನ್ ಕೊಡಿ ಒಮ್ಮೆ, ನನ್ನದ್ರಲ್ಲಿ ಫೋಟೋ ಮಸುಕು ಬರ್ತದೆ,” ಎಂದು ಕೈ ಚಾಚಿದ. ಅವಳು ಕೊಟ್ಟಳು.

ಗಾಜಿನ ಬಾಗಿಲು ದೂಡಿದಾಗ ಮೊದಲು ಕಂಡದ್ದು ಅವ್ವ. ಗೋಡೆಯ ಮೇಲಿನ ದೊಡ್ಡ ಪರದೆಯ ತುಂಬ, ನೆಲದಿಂದ ಮಾಳಿಗೆಯ ತನಕ ಎಂಬ ಹಾಗೆ, ಅವ್ವ ಕೂತಿದ್ದಳು. ಮೀಟಿಂಗುಗಳಲ್ಲಿ ಲೆಕ್ಕದ ಚಾರ್ಟುಗಳನ್ನು ತೋರಿಸುವ ಪರದೆ ಅದು. ವಿಭೂತಿಯ ಒಂದೊಂದು ಗೆರೆ ಬೇರೆ ಬೇರೆ ಕಾಣುತ್ತಿತ್ತು. ತುಟಿಯ ಎಡಗಡೆಯ ಮೂಲೆಯಲ್ಲಿ ಒಂದು ಇರುವೆ ಇತ್ತು. ಅವತ್ತು ಊರಿನ ಪಡಸಾಲೆಯಲ್ಲಿ ಪಕ್ಕದಲ್ಲೇ ಕೂತಿದ್ದರೂ ಕೃಪಾ ಆ ಇರುವೆಯನ್ನು ನೋಡಿರಲಿಲ್ಲ. ಅವ್ವನ ಮೂಗು ಹೇಗಿತ್ತು ಎಂದು ಈಗ ಕಂಡಿತು. ತುದಿಯಲ್ಲಿ ಸ್ವಲ್ಪ ಬಲಕ್ಕೆ ವಾಲಿತ್ತು. ಪರದೆಯ ಮುಂದೆ ಮೇಜಿನ ಮೇಲೆ ಕೇಕು, ಅದರ ಮೇಲೆ ಹಳದಿ ಕ್ರೀಮಿನಲ್ಲಿ ಹೂವು, ನಲಿನಿಯೇ ಬರೆಸಿರಬೇಕು, ಅಂಬು ಆಂಟಿ ಎಂದು. ಅಂಬುಬಾಯಿ ಎಂಬ ಹೆಸರನ್ನು ಅವಳು ಸಂಕ್ರಾಂತಿಯ ದಿನ ಕೇಳಿಕೊಂಡು ಇಷ್ಟು ದಿನ ನೆನಪಿಟ್ಟುಕೊಂಡಿದ್ದಳು. ಅಮಿತ ಕುರ್ಚಿ ಬಿಟ್ಟು ಎದ್ದು, “ಬಾಮ್ಮ. ಇಷ್ಟು ದೊಡ್ಡ ಫಂಕ್ಷನ್ ಮಾಡಿ ನಮ್ಮನ್ನ ಕರೀಲಿಲ್ಲ ನೀನು. ಪರವಾಗಿಲ್ಲ, ಕೇಕು ನಮ್ಮ ಕಡೆಯಿಂದ,” ಅಂದ. ಕೃಪಾ ಬಾಯಿ ತೆರೆದಳು. ಅಷ್ಟರಲ್ಲಿ ನಲಿನಿಯ ಕೈಯಲ್ಲಿದ್ದ ಫೋನು ರಿಂಗಾಗುತ್ತಿತ್ತು. “ಆಂಟಿಗೇ ವೀಡಿಯೋ ಕಾಲ್ ಹಚ್ಚಿದೀನಿ,” ಎಂದು ನಲಿನಿ ತನಗೆ ಬರುವಷ್ಟು ಕನ್ನಡದಲ್ಲಿ ಹೇಳಿ, ಎಲ್ಲರಿಗೂ ಕಾಣುವ ಹಾಗೆ ಫೋನನ್ನು ನೀರಿನ ಬಾಟಲಿಗೆ ಆನಿಸಿ ನಿಲ್ಲಿಸಿದಳು. ಅವ್ವನ ನಂಬರು. ಅವ್ವನ ಫೋನು ಈಗ ಚಿಗವ್ವನ ಹತ್ತಿರ ಇತ್ತು. ಕೈ ನೀಡಿ ಆರಿಸಿಬಿಡಬಹುದಿತ್ತು. ಕೈಗೂ ಫೋನಿಗೂ ನಡುವೆ ಒಂದು ಕೇಕಿನ ದೂರ. ಹೂಂ ಅನ್ನಲು ಅಷ್ಟು ಬೇಗ ಓಡುವ ಆ ಬೆರಳು ಈಗ ಕುರ್ಚಿಯ ಬೆನ್ನನ್ನು ಹಿಡಿದುಕೊಂಡು ಕೂತಿತು.

ಚಿಗವ್ವ ಎತ್ತಿಕೊಂಡಳು. ಮೊದಲು ಅವಳ ಕಿವಿ ಕಂಡಿತು, ಆಮೇಲೆ ಮಾಳಿಗೆಯ ಫ್ಯಾನು, ಆಮೇಲೆ ಸೆರಗು ಹೊದ್ದ ಮುಖ. ಎಲ್ಲರೂ ಚಪ್ಪಾಳೆ ತಟ್ಟುತ್ತ ಹಾಡತೊಡಗಿದರು. ಚಿಗವ್ವ ಮುಖವನ್ನು ಫೋನಿಗೆ ತೀರ ಹತ್ತಿರ ತಂದು, ಹಾಡು ಮುಗಿಯುವ ತನಕ, ಆರತಿಯ ಮುಂದೆ ನಿಂತವಳ ಹಾಗೆ ಅಲುಗಾಡದೆ ಕೇಳಿದಳು. ಹಾಡಿನೊಳಗೆ ಅಂಬು ಆಂಟಿ ಎಂದು ಬಂದಾಗ ಅವಳ ಹುಬ್ಬು ಒಂದು ಕ್ಷಣ ಮೇಲೆ ಹೋಗಿ ಇಳಿಯಿತು.

“ಆಂಟೀ, ಸಪೂರ ಆಗಿದ್ದೀರಿ ಮಾರಾಯ್ರೆ. ಮಗಳು ಊಟ ಹಾಕುದಿಲ್ವಾ?” ಎಂದ ಗಗನ.

“ಯಾರ್ರಿ ನೀವು? ಕೃಪಾನ ಆಫೀಸಿನವರೇನು?”

“ಮರ್ತೇ ಬಿಟ್ರಾ? ಸಜ್ಜೆರೊಟ್ಟಿ ತಿಂದು ಕೆಡವಿದವರು ನಾವು.”

“ನಾ ಅಂಬು ಅಲ್ಲಪಾ. ತುಳಸಾಬಾಯಿ. ಅಂಬು ನಮ್ಮಕ್ಕ.” ಚಿಗವ್ವನ ಕಣ್ಣು ಪರದೆಯೊಳಗಿನ ಸಣ್ಣ ಸಣ್ಣ ಮುಖಗಳನ್ನು ಒಂದೊಂದಾಗಿ ದಾಟಿ ಬಂದು, ಕುರ್ಚಿ ಹಿಡಿದು ನಿಂತವಳ ಮೇಲೆ ನಿಂತಿತು. ಅವಳ ದನಿ ತಗ್ಗಿತು. “ಏ ಕೃಪಾ. ಇವರಿಗಿ ಹೇಳೇ ಇಲ್ಲೇನವಾ? ಅಕ್ಕ ಹೋಗಿ ವರ್ಷ ಆಗ್ಲಾಕತ್ತದ, ಹೇಳೇ ಇಲ್ಲೇನು?”

ಅಮಿತನಿಗೂ ಗಗನನಿಗೂ ತಿಳಿಯಿತು. ಅವರಿಬ್ಬರೂ, ಮೊದಲೇ ಮಾತಾಡಿಕೊಂಡವರ ಹಾಗೆ, ಒಟ್ಟಿಗೇ ಕೇಕನ್ನು ನೋಡಿದರು. ನಲಿನಿಗೆ ಆ ಸೀಮೆಯ ಮಾತು ತಿಳಿಯದು. ಚಪ್ಪಾಳೆಗೆಂದು ಎತ್ತಿದ ಕೈಗಳನ್ನು ಹಾಗೆಯೇ ಇಟ್ಟುಕೊಂಡು, ನಗುತ್ತಲೇ, ಒಬ್ಬೊಬ್ಬರ ಮುಖ ನೋಡಿ ಕೇಳಿದಳು. “ಏಮನ್ನಾರು? ಆಂಟಿ ಏನಂದ್ರು?” ಕೃಪಾ ಕುರ್ಚಿ ಬಿಟ್ಟು ಗೋಡೆಯ ಪರದೆಯ ಹತ್ತಿರ ಹೋದಳು. ಅವ್ವನ ಕಿವಿಯ ಹಿಂದೆ, ಎರಡು ಸೇವಂತಿಗೆಗಳ ನಡುವಿನ ಸಂದಿಯಲ್ಲಿ, ಒಂದು ಬಿಳಿ ಪಟ್ಟಿ ಮೇಲಕ್ಕೆ ಹೋಗಿತ್ತು. ಅವಳು ಅದರ ಮೇಲೆ ಬೆರಳಿಟ್ಟಳು. ಬೆರಳನ್ನು ಪಟ್ಟಿಯ ಗುಂಟ ಮೇಲಕ್ಕೆ ಎಳೆಯುತ್ತ, ಹೂವಿನ ಹಿಂದೆ ಹೋಗಿ, ಮತ್ತೆ ಹೊರಗೆ ಬಂದು, ಚಿತ್ರದ ಗೋಡೆಯಲ್ಲಿದ್ದ ಮೊಳೆಯ ತನಕ ಒಯ್ದಳು. ಆಮೇಲೆ ತೆಲುಗಿನಲ್ಲಿ, ಅಮ್ಮ ತೀರಿಕೊಂಡಿದ್ದಾಳೆ, ಕತ್ತು ಬೀಳದ ಹಾಗೆ ಕಟ್ಟಿದ್ದಾರೆ, ನಮ್ಮಲ್ಲಿ ಕೂಡಿಸುತ್ತಾರೆ ಎಂದು ಹೇಳಿದಳು. ಅದು ಎಷ್ಟು ಸರಾಗವಾಗಿ ಬಂತೆಂದರೆ ಅವಳಿಗೇ ಗಾಬರಿಯಾಯಿತು. ಈ ಮಾತನ್ನು ಅವಳು ಬಾಯಿಬಿಟ್ಟು ಹೇಳುತ್ತಿದ್ದದ್ದು ಇದೇ ಮೊದಲು. ಊರಲ್ಲಿ ಹೇಳಬೇಕಾಗಿ ಬಂದಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಅವ್ವನಿಗೆ ಒಂದಕ್ಷರ ಬಾರದಿದ್ದ ಭಾಷೆಯಾದ್ದರಿಂದ, ಅವ್ವನಿಗೆ ಕೇಳಿಸದ ಹಾಗೆ ಹೇಳಿದ ಹಾಗಿತ್ತು. ನಲಿನಿಯ ಕೈ ಬಾಯಿಯ ಮೇಲೆ ಹೋಯಿತು. ಬೆಳಿಗ್ಗೆಯಿಂದ ಆ ಚಿತ್ರವನ್ನು ಮತ್ತೆ ಮತ್ತೆ ನೋಡಿದ್ದ, ಹೃದಯ ಒತ್ತಿದ್ದ, ಕೇಕಿನಂಗಡಿಯವನಿಗೆ ತೋರಿಸಿ ಈ ಹಳದಿಯೇ ಬೇಕೆಂದಿದ್ದ ಹುಡುಗಿ, ಈಗ ಅದರ ಕಡೆಗೆ ಬೆನ್ನು ಮಾಡಿ ಗೋಡೆ ಹಿಡಿದುಕೊಂಡಳು.

“ಯಾವಾಗ?” ಎಂದ ಅಮಿತ.

“ಜ್ವರ ಅಂತ ರಜಾ ಹಾಕಿದ್ನಲ್ಲ, ಆವಾಗ.”

ಅಮಿತ ಮೇಜಿನ ಮೇಲಿದ್ದ ರಿಮೋಟು ತೆಗೆದುಕೊಂಡು ಗೋಡೆಯ ಪರದೆ ಆರಿಸಿದ. ಮೊದಲ ಸಲ ಆರಲಿಲ್ಲ, ಯಾವುದೋ ಬೇರೆ ಗುಂಡಿ ಒತ್ತಿ ಅವ್ವ ಇನ್ನೂ ದೊಡ್ಡವಳಾದಳು, ಬರೀ ಮುಚ್ಚಿದ ಕಣ್ಣು ಉಳಿಯಿತು. ಎರಡನೆಯ ಸಲಕ್ಕೆ ಕಪ್ಪಾಯಿತು. “ಹೇಳಬೇಕಿತ್ತಲ್ಲಮ್ಮ,” ಎಂದ. ಅಂದು ಮೀಟಿಂಗಿನಲ್ಲಿ ತಾನು ನಗಿಸಿದ್ದು ನೆನಪಾಗಿರಬೇಕು, ರಿಮೋಟನ್ನು ಇಡಲು ಜಾಗವೇ ಸಿಗದವನ ಹಾಗೆ ಕೈಯಲ್ಲೇ ತಿರುಗಿಸುತ್ತ ನಿಂತ. ಕೃಪಾ ಅವನಿಗಾಗಿ ಕಾಯಲಿಲ್ಲ, ಅವಳು ಕಾಯುತ್ತಿದ್ದದ್ದು ಗಗನನ ಪ್ರಶ್ನೆಗಾಗಿ. ಅದು ಬಂದೇ ಬಂತು.

“ಹಾಗಾದ್ರೆ ಆ ಮೆಟ್ರೋದ್ದು?” ಗಗನ ಮೆತ್ತಗೆ, ತನಗೇ ಕೇಳಿಕೊಳ್ಳುವವನ ಹಾಗೆ ಕೇಳಿದ. “ಕಾಫಿ ಮಷೀನಿದ್ದು? ಅದನ್ನ ನಾನು ನನ್ನ ಅಮ್ಮನಿಗೆ ಓದಿ ಹೇಳಿ, ಅವ್ರು ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು… ಅದು ಯಾರು ಹೇಳಿದ್ದು?”

“ನಾನೇ.”

ಗಗನನ ಮುಖದಲ್ಲಿ ಸಿಟ್ಟಿರಲಿಲ್ಲ. ಬಹಳ ದಿನದಿಂದ ತನ್ನನ್ನು ಮಾತಾಡಿಸುತ್ತಿದ್ದವರು ಬೇರೆ ಯಾರೋ ಎಂದು ಗೊತ್ತಾದವನ, ಒಂದು ಹೆಜ್ಜೆ ಹಿಂದೆ ಸರಿದ ಮುಖ ಅದು. ಅದನ್ನು ನೋಡಿದ ಮೇಲೆ ಕೃಪಾಳಿಗೆ ತಿಳಿಯಿತು, ಮಾದಾಪುರದಲ್ಲಿ ಅವ್ವ ಸತ್ತದ್ದು ಈಗ. ಚಿತ್ರ ಕಂಡಾಗಲ್ಲ, ಚಿಗವ್ವ ಹೇಳಿದಾಗಲೂ ಅಲ್ಲ. ನಾನೇ ಎಂದು ಅಂದಾಗ. ಕಿವಿ ಹೊಡೆಯುವ ಎಮ್ಮೆಯೂ ಹೋಯಿತು. ಬಾಟಲಿಗೆ ಆನಿಸಿದ ಫೋನಿನಿಂದ ಚಿಗವ್ವನ ದನಿ ಬಂತು. ಅವಳು ಇನ್ನೂ ಅಲ್ಲೇ ಇದ್ದಳು, ಎಲ್ಲ ಕೇಳಿದ್ದಳು.

“ಯಾಕ ಸುಮ್ಮ ನಿಂತೀರಿ? ತಂದೀರಿ, ಕೊಯ್ದು ತಿನ್ರಿ. ಅಕ್ಕಗ ಸೀ ಅಂದ್ರ ಪ್ರಾಣ ಇತ್ತು. ಕೃಪಾ, ಏ, ನೀನೇ ಕೊಯ್ದು ಕೊಡು. ಆ ಹುಡುಗಿಗಿ ಮೊದಲು ಕೊಡು, ಅಳಲಾಕತ್ತಾಳ ನೋಡು.”

ಕೃಪಾ ಪ್ಲಾಸ್ಟಿಕ್ಕಿನ ಚೂರಿ ತೆಗೆದುಕೊಂಡಳು. ಹೆಸರಿನ ಮೇಲೆ ಚೂರಿ ಇಡಲಾಗದೆ ಅಂಚಿನಿಂದ ಶುರು ಮಾಡಿದಳು. ತಲೆ ತಗ್ಗಿಸಿದಾಗ ಕಣ್ಣು ತುಂಬಿ ಏನೂ ಕಾಣದಾಯಿತು, ಮುಚ್ಚಿಕೊಂಡಳು. ಅವಳ ಫೋನನ್ನು ಇನ್ನೂ ಎತ್ತಿ ಹಿಡಿದುಕೊಂಡೇ ನಿಂತಿದ್ದ ಗಗನ, ಕೈಗೆ ಬೇರೆ ಏನು ಮಾಡಬೇಕೆಂದು ತಿಳಿಯದೆಯೋ, ಕೇಕು ಕೊಯ್ಯುವಾಗ ಒತ್ತಿ ಒತ್ತಿ ರೂಢಿಯಾದ್ದರಿಂದಲೋ, ಒತ್ತಿದ. ಕ್ಯಾಮೆರಾದ ಸದ್ದು ಕೇಳಿ ತಾನೇ ಬೆಚ್ಚಿಬಿದ್ದು, “ಸಾರಿ, ಸಾರಿ,” ಎಂದು ಫೋನನ್ನು ಮೇಜಿನ ಮೇಲೆ ಇಟ್ಟುಬಿಟ್ಟ.

ಸಂಜೆ ಕ್ಯಾಬಿನಲ್ಲಿ ಅವಳು ಆಲ್ಬಮ್ ತೆರೆದಳು. ಇನ್ನು ನೋಡಲು ಹೆದರುವಂಥದು ಏನೂ ಉಳಿದಿರಲಿಲ್ಲ. ಕೆಳಗಿನ ಮಾತುಗಳನ್ನೆಲ್ಲ ಅವರವರೇ ಅಳಿಸಿದ್ದರು. ನಲಿನಿಯ ಹೃದಯ ಇದ್ದ ಕಡೆ ಖಾಲಿ ಇತ್ತು. ಊರಿನ ಕಡೆಯ ಚಿತ್ರವನ್ನು ದಾಟಿ ಇನ್ನೊಂದು ಇತ್ತು, ಮಧ್ಯಾಹ್ನ ಸೇರಿದ್ದು. ಹಿಂದೆ ಕಪ್ಪು ಪರದೆ, ಮುಂದೆ ಕೇಕು, ನಡುವೆ ತಲೆ ತಗ್ಗಿಸಿ, ಕಣ್ಣು ಮುಚ್ಚಿ ನಿಂತ ಹೆಂಗಸು. ಇದು ಇಲ್ಲಿಗೆ ಯಾಕೆ ಬಂತೆಂದು ಮೊದಲು ತಿಳಿಯಲಿಲ್ಲ. ಗಗನ ಹಾಕಿದನೇ ಎಂದರೆ ಅವನು ಹಾಕಿರಲಿಲ್ಲ. ಮುಖದ ಮೇಲೆ ಬೆರಳಿಟ್ಟಾಗ ಅದರ ಸುತ್ತ ತೆಳುವಾದ ಒಂದು ಬಿಳಿ ವೃತ್ತ ಮೂಡಿ, ಕೆಳಗೆ ಹೆಸರು ಬಂತು. ಅವ್ವ. ಈ ಸಲ ಫೋನು ಕೇಳಿರಲಿಲ್ಲ. ಮುಚ್ಚಿದ ಕಣ್ಣಿನ ಆ ಮುಖವೂ ಅವ್ವನದೇ ಎಂದು ಬೆಳಿಗ್ಗೆ ಅವಳು ಹೇಳಿಕೊಟ್ಟಿದ್ದಳು, ಅದು ಕಲಿತುಕೊಂಡಿತ್ತು. ತಪ್ಪು ಹಿಡಿಯುವುದೇ ಅವಳ ಕೆಲಸ. ಇದನ್ನೂ ತಪ್ಪೆಂದು ಗುರುತು ಹಾಕಿ, ಇದು ಅವ್ವ ಅಲ್ಲ, ನಾನು ಎಂದು ತಿದ್ದಲು ಬೆರಳು ಹೋಯಿತು. ಮೂಗಿನ ತುದಿ ಸ್ವಲ್ಪ ಬಲಕ್ಕೆ ವಾಲಿತ್ತು. ಬೆರಳು ಅಲ್ಲೇ ನಿಂತಿತು.

ಲಿಫ್ಟಿನಿಂದ ಇಳಿಯುವಾಗ ಒಳಗಿನ ಹೆಂಗಸು ಮಹಡಿಯ ನಂಬರು ಹೇಳಿದಳು. ಕೃಪಾ ಏನೂ ಅನ್ನಲಿಲ್ಲ. ಬಾಗಿಲು ತೆಗೆದ ಚಿಗವ್ವ ಮಧ್ಯಾಹ್ನದ ಮಾತು ಎತ್ತಲಿಲ್ಲ. ಡಬ್ಬಿಯ ಚೀಲ ಇಸಿದುಕೊಂಡು, ಭಾರ ನೋಡಿ, “ಉಂಡೇ ಇಲ್ಲ,” ಅಂದಳು. ಕೃಪಾ ಚಪ್ಪಲಿ ಬಿಡುವ ಮೊದಲೇ ಫೋನನ್ನು ಅವಳ ಮುಖದ ಮುಂದೆ ಹಿಡಿದಳು. ಕೇಕು, ಕಪ್ಪು ಪರದೆ, ಕುರ್ತಾ ಯಾವುದೂ ಕಾಣದ ಹಾಗೆ, ಬರೀ ಆ ದುಂಡಗಿನ ಮುಖ. ಚಿಗವ್ವ ಚೀಲವನ್ನು ಮೊಣಕೈಗೆ ಸಿಕ್ಕಿಸಿಕೊಂಡು, ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಹಿಂದೆ ಮುಂದೆ ಮಾಡಿ, ಬಾಗಿಲ ಬೆಳಕಿಗೆ ತಿರುಗಿಸಿ ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖ ಮೆತ್ತಗಾಯಿತು.

“ಅಕ್ಕಂದು ಇದು ಯಾವಾಗ ತಗದದ್ದವಾ? ನಾ ನೋಡೇ ಇಲ್ಲ ಇದನ್ನ.”

“ಇವತ್ತು,” ಅಂದಳು ಕೃಪಾ.